ಹದಿನೇಳನೇ ಕರುವಿನ ಗಂಟು

ಹದಿನೇಳನೇ ಕರುವಿನ ರಕ್ತದಲ್ಲಿ ಏನೋ ವಿಶೇಷ ಇದೆ ಅಂತ ಇಡೀ ಕೇಂದ್ರ ಕುಣಿಯುತ್ತಿದ್ದ ವಾರ, ನನಗೆ ಯಾರ ಮುಖ ನೋಡಿದರೂ ಮೈ ಉರಿಯುತ್ತಿತ್ತು. ಆ ವಿಶೇಷ ಏನು ಅಂತ ಗೊತ್ತಿದ್ದವನು ನಾನೊಬ್ಬನೇ. ಒಂದು ಹಳೇ ಟವೆಲ್ಲು, ಒಂದು ಬಕೆಟ್ ಬಿಸಿನೀರು. ಅಷ್ಟೇ.

ನಮ್ಮದು ದನಗಳ ಲಸಿಕೆ ಪರೀಕ್ಷೆ ಮಾಡುವ ಕೇಂದ್ರ. ಉದ್ದನೆಯ ಕೊಟ್ಟಿಗೆ, ಇಪ್ಪತ್ನಾಲ್ಕು ಕರು, ತುದಿಯಲ್ಲಿ ಒಂದು ಗಾಜಿನ ಬಾಗಿಲು. ಬಾಗಿಲ ಆಚೆ ಲ್ಯಾಬು. ಗಂಬೂಟು ಹಾಕಿದವರು ಅದನ್ನು ದಾಟುವಂತಿಲ್ಲ. ಈ ಸಲ ಎಂಟು ಕರುಗಳಿಗೆ ಪೂರ್ತಿ ಲಸಿಕೆ, ಎಂಟಕ್ಕೆ ಬರೀ ಎಣ್ಣೆ, ಎಂಟಕ್ಕೆ ಉಪ್ಪುನೀರು. ಎಣ್ಣೆ ಅಂದರೆ ಒಗ್ಗರಣೆ ಎಣ್ಣೆಯಲ್ಲ, ಲಸಿಕೆಗೆ ಬಲ ಬರಲಿ ಅಂತ ಬೆರೆಸುವ ಮದ್ದು. ಅಡ್ಜುವೆಂಟ್ ಅಂತ ದೊಡ್ಡ ಹೆಸರಿದೆ. ಕೊಟ್ಟಿಗೆಯಲ್ಲಿ ದೊಡ್ಡ ಹೆಸರು ನಡೆಯೋದಿಲ್ಲ.

ನಾನು ಕರು ಹಿಡಿದುಕೊಳ್ಳುವವನು, ಲ್ಯಾಬಿನ ಮೇಡಂ ರಕ್ತ ತೆಗೆಯುವವರು. ಒಂದು ದಿನ ಕೇಳಿಯೇ ಬಿಟ್ಟೆ, ಇಷ್ಟೊಂದು ರಕ್ತದಲ್ಲಿ ಏನು ಹುಡುಕುತ್ತೀರಿ ಅಂತ.

"ಜೀನ್‌ಗಳು ಎಲ್ಲಾ ಕರುಗಳಲ್ಲೂ ಇದ್ದೇ ಇರ್ತವೆ," ಅಂದರು. "ಇದ್ದರೆ ಸಾಲದು. ರೋಗ ಬಂದಾಗ ಯಾವುದು ಬಾಯಿ ಬಿಡಬೇಕು, ಯಾವಾಗ ಸುಮ್ಮನಾಗಬೇಕು, ಅದೇ ಮುಖ್ಯ. ಲಸಿಕೆ ಯಾವುದರ ಬಾಯಿ ಬಿಡಿಸುತ್ತೆ, ಬರೀ ಎಣ್ಣೆ ಯಾವುದರ ಬಾಯಿ ಬಿಡಿಸುತ್ತೆ, ಅದನ್ನ ರಕ್ತದಲ್ಲಿ ಓದ್ತೀವಿ."

"ನಮ್ಮ ಮನೇಲೂ ಹಂಗೇ ಮೇಡಂ. ಎಲ್ಲರಿಗೂ ಬಾಯಿದೆ, ಬಿಡೋರೇ ಇಲ್ಲ."

ಅವರು ನಕ್ಕರು. ನಾನು ನಗಿಸೋಕೆ ಹೇಳಿದ್ದಲ್ಲ.

ನನಗಿಂತ ಮುಂಚೆ ಇದೇ ಕೊಟ್ಟಿಗೆಯಲ್ಲಿ ಅಣ್ಣ ಇದ್ದ. ಹೋರಿ ಒದ್ದು ಅಪ್ಪನ ಸೊಂಟ ಹೋದ ಮೇಲೆ ಮನೆ ನಡೆದದ್ದು ಅವನೊಬ್ಬನ ದುಡಿಮೆಯಲ್ಲಿ. ತಮ್ಮ ಓದಲಿ ಅಂತ ಅವನ ಹಟ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು, "ನಿನ್ನ ಮೈಯೆಲ್ಲಾ ಸಗಣಿ ವಾಸನೆ, ಹಿಂದೆ ಹೋಗಿ ಕೂತ್ಕೋ" ಅಂದ. ಅದು ನನ್ನ ವಾಸನೆಯಲ್ಲ, ಅಣ್ಣ ಕೊಟ್ಟ ಕೋಟಿನ ವಾಸನೆ. ಅವತ್ತೇ ಚೀಲ ಸಮೇತ ಪುಸ್ತಕಗಳನ್ನ ತಂದು ಗಂಜಲದ ಗುಂಡಿಗೆ ಎಸೆದೆ. ಅಣ್ಣ ನೋಡುತ್ತಾ ನಿಂತಿದ್ದ. ಹೊಡೆಯಲಿಲ್ಲ. ನಾಲ್ಕು ಬಾರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಮತ್ತೆ ಪೆನ್ನು ಹಿಡಿದ ದಿನ ನನ್ನ ಹತ್ರ ಮಾತಾಡು" ಅಂದ.

ಆ ತಿಂಗಳೇ ವರ್ಗ ಕೇಳಿಕೊಂಡು ದೊಡ್ಡ ಕೇಂದ್ರಕ್ಕೆ ಹೋದ. ರೈಲಲ್ಲಿ ಒಂದು ಹಗಲಿನ ದಾರಿ. ಆರು ವರ್ಷವಾಯ್ತು. ನಾವು ಕಳಿಸುವ ರಕ್ತದ ಪೆಟ್ಟಿಗೆಗಳನ್ನ ಅಲ್ಲಿ ಬಿಚ್ಚುವವನು ಈಗ ಅವನೇ ಅಂತ ಅಮ್ಮ ಹೇಳುತ್ತಾಳೆ. ಅಮ್ಮನಿಗೆ ಫೋನ್ ಮಾಡುತ್ತಾನೆ, "ಅವನು ಹೆಂಗಿದಾನೆ" ಅಂತ ಕೇಳುತ್ತಾನಂತೆ. ಅಮ್ಮ ಫೋನನ್ನ ನನ್ನ ಕಡೆ ಚಾಚುತ್ತಾಳೆ. ನಾನು ಕಿವಿಗೆ ಇಡುವ ಹೊತ್ತಿಗೆ ಆ ಕಡೆ ಕಟ್. ಸುಟ್ಟ ಹಟ ನಮ್ಮಿಬ್ಬರದೂ. ಆದರೂ ಕೆಲವು ಸಲ ಕಟ್ ಆದ ಫೋನನ್ನ ಇನ್ನಷ್ಟು ಹೊತ್ತು ಹಿಡಿದುಕೊಂಡೇ ಇರುತ್ತೇನೆ. ಅಮ್ಮ ಒಳಗೆ ಹೋಗುತ್ತಾಳೆ, ಕಂಡೂ ಕಾಣದ ಹಾಗೆ.

ಅವನು ಹೊರಡುವ ವಾರ, ತಾಯಿಯ ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡಿದ್ದ ಹೆಣ್ಣುಕರುವೊಂದನ್ನ ಕೈಹಾಕಿ ಎಳೆದು ಬದುಕಿಸಿದ್ದ. ಅದೀಗ ಹಸು. ಅದರ ಮಗಳೇ ಹದಿನೇಳು.

ಹದಿನೇಳಕ್ಕೆ ಬಿದ್ದದ್ದು ಬರೀ ಎಣ್ಣೆ. ಮಾರನೇ ದಿನ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಎಣ್ಣೆ ಬಿದ್ದ ಎಲ್ಲದಕ್ಕೂ ಬಂದಿತ್ತು, ಬರುತ್ತೆ ಅಂತ ಹೇಳಿಯೂ ಇದ್ದರು. ಮುಟ್ಟಬಾರದು ಅಂತಲೂ ಹೇಳಿದ್ದರು. ಆದರೆ ಅದು ಕತ್ತು ಓರೆ ಮಾಡಿಕೊಂಡು, ಮೇವು ಬಿಟ್ಟು, ನನ್ನನ್ನೇ ನೋಡುತ್ತಾ ನಿಂತಿತು. ಗಂಟಿಗೆ ಶಾಖ ಕೊಡಬೇಕು, ಬಟ್ಟೆಯನ್ನ ಮೊದಲು ನಿನ್ನ ಮೊಣಕೈಗೆ ಮುಟ್ಟಿಸಿ ನೋಡು, ನಿನಗೆ ತಡೆದರೆ ಅದಕ್ಕೂ ತಡೆಯುತ್ತೆ. ಅಣ್ಣ ಕಲಿಸಿದ್ದು. ಮೂರು ಸಂಜೆ ಕೊಟ್ಟೆ. ಕೈ ತಾನಾಗೇ ಮಾಡಿತು ಅಂದರೆ ಸುಳ್ಳಾಗುತ್ತೆ. ಟವೆಲ್ ಹಿಂಡುವಾಗ ಅವನು ಪಕ್ಕದಲ್ಲಿ ನಿಂತ ಹಾಗಿರುತ್ತಿತ್ತು, ಅದಕ್ಕೇ ಮಾಡಿದೆ.

ಒಂದು ವಾರದ ಮೇಲೆ ಮೇಡಂ ಒಂದು ಹಾಳೆ ಹಿಡಿದು ಓಡಿ ಬಂದರು. ಎಣ್ಣೆ ಬಿದ್ದ ಮಿಕ್ಕ ಏಳು ಕರುಗಳ ಗೆರೆ ಮೇಲೆ ಹತ್ತಿ ಏಳನೇ ದಿನದವರೆಗೂ ಮೇಲೇ ಇತ್ತು. ಹದಿನೇಳರ ಗೆರೆ ಮಾತ್ರ ಎಲ್ಲಕ್ಕಿಂತ ಎತ್ತರಕ್ಕೆ ಹಾರಿ ಮೂರನೇ ದಿನಕ್ಕೇ ಇಳಿದಿತ್ತು.

"ಇದರ ಜೀನ್‌ಗಳು ಜೋರಾಗಿ ಕೂಗಿ ಬೇಗ ಸುಮ್ಮನಾಗಿವೆ. ಎರಡು ಸಲ ನೋಡಿದೆ. ಹುಟ್ಟಿನಲ್ಲೇ ಏನೋ ಇದೆ. ದೊಡ್ಡ ಕೇಂದ್ರಕ್ಕೆ ಕರಕೊಂಡು ಹೋಗೋಣ, ನೀನೂ ಬಾ. ಬೇರೆಯವರ ಕೈಗೆ ಇದು ನಿಲ್ಲಲ್ಲ. ಒಂದು ವರ್ಷ ಅಲ್ಲೇ ಕೆಲಸ."

ಬಾಯಿಗೆ ಬಂದದ್ದನ್ನ ನುಂಗಿಕೊಂಡೆ.

"ಕರುವಿನ ಪುಣ್ಯದಲ್ಲಿ ನಿನಗೆ ರೈಲು," ಅಂದ ಸೀಟಿ. ಪಕ್ಕದ ಸಾಲಿನ ಕರುಗಳನ್ನ ನೋಡಿಕೊಳ್ಳುವವನು, ದಿನವಿಡೀ ಸೀಟಿ ಹೊಡೆಯುತ್ತಾನೆ, ಅದಕ್ಕೇ ಆ ಹೆಸರು. "ಕಿಟಕಿ ಸೀಟು ಅದಕ್ಕೇ ಬಿಡು, ಮಾರಾಯ."

ಅಮ್ಮ ನನ್ನ ಎರಡು ಅಂಗಿ ಒಗೆದು ಮಡಿಸಿಟ್ಟಳು, ಯಾಕೆ ಅಂತ ಹೇಳಲಿಲ್ಲ. ಐದು ದಿನ ನಾನು ಒಂದೇ ಚಿತ್ರ ನೋಡುತ್ತಿದ್ದೆ: ಗೊತ್ತಿಲ್ಲದ ಒಂದು ಅಂಗಳ, ನನ್ನ ಕೈಯಲ್ಲಿ ಹಗ್ಗ, ಎದುರಿಗೆ ಅಣ್ಣ. ಅವನು ಏನಾದರೂ ಅನ್ನಲೇಬೇಕು. "ಹಗ್ಗ ಈ ಕಡೆ ಹಿಡಿ" ಅಂದರೂ ಸಾಕು.

ನಮ್ಮನ್ನ ಸ್ಟೇಷನ್ನಿಗೆ ಒಯ್ಯುವ ಗಾಡಿ ಬರುವ ಹಿಂದಿನ ದಿನ ಮೇಡಂ ಹದಿನೇಳರ ಕತ್ತು ಸವರುತ್ತಾ ಅಂದರು, "ದೊಡ್ಡ ಕೇಂದ್ರದಲ್ಲಿ ಈ ಗಂಟಿನ ಜಾಗದಲ್ಲೇ ಕೊಯ್ದು ಒಳಗಿಂದ ಚೂರು ತೆಗೀತಾರೆ. ಮೂರು ಸಲ. ಪಾಪ, ಗಟ್ಟಿಯಾಗಿ ಹಿಡ್ಕೋಬೇಕು ನೀನು."

ಅದು ನನ್ನ ಹೆಗಲಿಗೆ ಮೂತಿ ಒರೆಸುತ್ತಿತ್ತು. ಇದರ ತಾಯಿಯನ್ನ ಅಣ್ಣ ಎಳೆದು ಬದುಕಿಸಿದ್ದು. ಇದರ ಕತ್ತು ಕೊಯ್ಯುವಾಗ ಹಿಡಿದುಕೊಂಡು ನಾನು ಅವನ ಮುಂದೆ ನಿಲ್ಲಬೇಕಾ?

"ಮೇಡಂ, ಅದರಲ್ಲಿ ಏನೂ ವಿಶೇಷ ಇಲ್ಲ. ಗಂಟಿಗೆ ನಾನು ಶಾಖ ಕೊಟ್ಟೆ."

"ಏನು ಕೊಟ್ಟೆ?"

"ಶಾಖ. ಟವೆಲ್ಲಲ್ಲಿ. ಮೂರು ಸಂಜೆ."

ಮೇಡಂ ಬೋರಲು ಹಾಕಿದ್ದ ಬಕೆಟ್ ಮೇಲೆ ಕೂತುಬಿಟ್ಟರು. ಬೈಯಲಿ ಅಂತ ಕಾದೆ. ಬೈಗುಳ ನನಗೆ ಅಭ್ಯಾಸ, ಎದುರುತ್ತರವೂ ರೆಡಿ ಇರುತ್ತೆ. ಅವರು ಬೈಯಲೇ ಇಲ್ಲ.

"ಬೇರೆ ಕರುಗಳಿಗೆ?"

"ಇಲ್ಲ."

"ಇದೊಂದಕ್ಕೇ ಯಾಕೆ?"

"ಇದರ ತಾಯಿ ನಮ್ಮಣ್ಣ ಬದುಕಿಸಿದ್ದು."

ಜೇಬಿನಿಂದ ಆ ಹಾಳೆ ತೆಗೆದು ಗೆರೆ ನೋಡಿದರು. "ಶಾಖದಿಂದಲೇ ಹಿಂಗಾಯ್ತು ಅಂತಲೂ ಹೇಳೋಕಾಗಲ್ಲ. ಒಂದು ಕರು ನೋಡಿ ಏನೂ ಹೇಳೋಕಾಗಲ್ಲ. ಆದರೆ ಇದನ್ನ ಪರೀಕ್ಷೆಯಿಂದ ಬಿಡಲೇಬೇಕು. ಗಾಡಿ ಬೇಡ ಅಂತ ಹೇಳ್ತೀನಿ." ಆಮೇಲೆ, "ನೀನೂ ಹೋಗೋದು..." ಅಂದರು.

"ಗೊತ್ತು ಮೇಡಂ."

"ಬೂಟು ಬಿಚ್ಚಿ ಒಳಗೆ ಬಾ. ಬರೆದುಕೊಡು. ನಾನು ಬರೆದರೆ ನನ್ನ ಊಹೆ ಆಗುತ್ತೆ. ಯಾವ ದಿನ, ಎಷ್ಟು ಹೊತ್ತು, ಎಷ್ಟು ಬಿಸಿ. ಮಂಗಳವಾರದ ರಕ್ತದ ಪೆಟ್ಟಿಗೆಯಲ್ಲಿ ಹೋಗಬೇಕು."

"ಅಲ್ಲಿ ಯಾರು ಓದ್ತಾರೆ?"

"ಪೆಟ್ಟಿಗೆ ಬಿಚ್ಚೋನು. ಹಾಳೆ ಓದಿ, ಟ್ಯೂಬು ನೋಡಿ, ಸಹಿ ಹಾಕಿ ವಾಪಸ್ ಕಳಿಸ್ತಾನೆ."

ಬರಿಗಾಲಲ್ಲಿ ಗಾಜಿನ ಬಾಗಿಲು ದಾಟಿದೆ. ಒಳಗೆ ನೆಲ ತಣ್ಣಗಿತ್ತು, ಯಾವುದೋ ಯಂತ್ರ ಗುಂಯ್ ಅನ್ನುತ್ತಿತ್ತು. ಪೆನ್ನು ಬೆರಳಲ್ಲಿ ನಿಲ್ಲದೆ ಜಾರಿತು. ಎರಡು ಸಾಲಿಗೇ ಬೆವರು. ಒತ್ತಕ್ಷರಗಳು ಎಲ್ಲಿ ಬರಬೇಕೋ ಅಲ್ಲಿ ಬರಲೊಲ್ಲವು. ಗಾಜಿನ ಆಚೆಯಿಂದ ಸೀಟಿ ಇಣುಕಿದ.

"ಏನೋ ಅದು, ಪ್ರೇಮಪತ್ರಾನಾ?"

"ನಿನ್ನ ತಲೆ. ಹೋಗಿ ನೀರು ಕುಡಿಸು."

'ಎಷ್ಟು ಬಿಸಿ' ಅನ್ನುವಲ್ಲಿ ನಿಂತುಬಿಟ್ಟೆ. ಮೇಡಂ ಕೇಳಿದರು, "ಥರ್ಮಾಮೀಟರ್ ಇಡಲಿಲ್ವಾ?" ಇಲ್ಲ ಅಂದೆ. ಆಮೇಲೆ ಬರೆದೆ: ನನ್ನ ಮೊಣಕೈಗೆ ತಡೆಯುವಷ್ಟು. ಕೆಳಗೆ ನನ್ನ ಹೆಸರು ಹಾಕಿದೆ, ಅಪ್ಪನ ಹೆಸರು ಸಮೇತ.

ಮಂಗಳವಾರ ಪೆಟ್ಟಿಗೆ ಹೋಯ್ತು. ಶುಕ್ರವಾರ ಖಾಲಿಯಾಗಿ ವಾಪಸ್ ಬರುತ್ತೆ, ಸಹಿ ಹಾಕಿದ ಹಾಳೆ ಮುಚ್ಚಳದ ಒಳಗೆ ಅಂಟಿಸಿರುತ್ತೆ. ಆ ದಿನ ಪೆಟ್ಟಿಗೆ ತೊಳೆಯುವ ಪಾಳಿ ಸೀಟಿಯದು.

"ಈ ಸಲ ನನಗೆ ಬಿಡು," ಅಂದೆ.

"ಹುಚ್ಚಾ ನಿನಗೆ, ತಾನಾಗೇ ಪೆಟ್ಟಿಗೆ ತೊಳೀತೀನಿ ಅಂತೀಯಾ?" ಅಂದ. ಅಂದವನು ನನ್ನ ಮುಖ ನೋಡಿ, ಬ್ರಷ್ಷನ್ನ ನನ್ನ ಮುಂದಿನ ಕಂಬಿಯ ಮೇಲೆ ಇಟ್ಟು, ಸೀಟಿ ಹೊಡೆಯದೆ ಹೋದ.