ಗುಬ್ಬಿ ಗಾಡಿಯಿಂದ ಇಳಿದದ್ದು

ದರ್ಜಿಯ ಮಗಳಿಗೆ ಮೂರು ತುಂಬಿ ಕೆಲವು ತಿಂಗಳಾಗಿದ್ದರೂ ಅವಳ ಸವಾರಿ ಇನ್ನೂ ತಳ್ಳುಗಾಡಿಯಲ್ಲೇ ನಡೆಯುತ್ತಿತ್ತು. ಕೂಸುಗಳನ್ನು ಕೂರಿಸಿ, ಬೆಲ್ಟು ಬಿಗಿದು ತಳ್ಳಿಕೊಂಡು ಹೋಗುವ ಗಾಡಿ ಅದು. ಅದರಲ್ಲಿ ಕೂತರೆ ಅವಳ ಮೊಣಕಾಲು ಎದೆಗೆ ಬರುತ್ತಿತ್ತು. ಕಾಲು ಇಳಿಬಿಟ್ಟರೆ ಚಪ್ಪಲಿಯ ತುದಿ ರಸ್ತೆಗೆ ತಾಗಿ ಸವೆಯುತ್ತಿತ್ತು. ಎಲ್ಲರೂ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ಮನೆಯೊಳಗೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಿಟಕಿಗೆ ಹಾರುವಾಗ ಆ ಹೆಸರಿಗೆ ಅವಳೇನೂ ಮೋಸ ಮಾಡುತ್ತಿರಲಿಲ್ಲ. ಹೊಸ್ತಿಲು ದಾಟಿದಳೋ, ಮಹಾರಾಣಿ.

ನಿಜ ಹೇಳಬೇಕೆಂದರೆ ಗಾಡಿ ಬೇಕಾಗಿದ್ದುದು ಅಪ್ಪನಿಗೇ. ಅವನದು ಬಟ್ಟೆ ಸರಿಮಾಡಿಕೊಡುವ ಸಣ್ಣ ಅಂಗಡಿ. ಸೊಂಟ ಬಿಡಿಸುವುದು, ತೋಳು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಹಾಕುವುದು. ಹೆಂಡತಿ ನಗರದ ಬಸ್ಸು ಓಡಿಸುತ್ತಿದ್ದಳು. ಬೆಳಕು ಹರಿಯುವ ಮೊದಲೇ ಡ್ಯೂಟಿಗೆ ಹೊರಡುತ್ತಿದ್ದಳು. ಹಾಗಾಗಿ ಹಗಲೆಲ್ಲ ಮಗಳು ಅಪ್ಪನ ಪಾಲು. ಬೆಳಗ್ಗೆ ಹೊಲಿಗೆ, ಮಧ್ಯಾಹ್ನದ ಮೇಲೆ ಇಸ್ತ್ರಿ ಮಾಡಿದ ಬಟ್ಟೆಗಳನ್ನು ಮನೆಮನೆಗೆ ತಲುಪಿಸುವ ಕೆಲಸ. ಮಗಳು ಸೀಟಿನಲ್ಲಿ, ಮಡಚಿದ ಬಟ್ಟೆ ಕೆಳಗಿನ ಬುಟ್ಟಿಯಲ್ಲಿ, ಕೋಟುಗಳೆಲ್ಲ ಹ್ಯಾಂಗರಿನ ಸಮೇತ ಗಾಡಿಯ ಹಿಡಿಗೆ. ಎದುರಿನ ಬೀಗ ರಿಪೇರಿಯವನು ದಿನಾ ತಪ್ಪದೆ ಕೂಗುತ್ತಿದ್ದ: "ಹೊರಡ್ತಪ್ಪಾ ಮೆರವಣಿಗೆ! ದಾರಿ ಬಿಡ್ರೋ!"

ಗುಬ್ಬಿಯನ್ನು ಶಿಶುವಿಹಾರಕ್ಕೆ ಸೇರಿಸಲು ಹೋದಾಗ ಅಲ್ಲಿನ ಟೀಚರ್ ಗಾಡಿಯನ್ನೂ ಅದರಲ್ಲಿದ್ದವಳನ್ನೂ ಒಮ್ಮೆ ನೋಡಿ ನಕ್ಕರು. "ನಾವು ದಿನಾ ಮಕ್ಕಳನ್ನ ಪಾರ್ಕಿಗೆ ನಡೆಸ್ಕೊಂಡು ಹೋಗ್ತೀವಿ. ಅಲ್ಲಿ ಗಾಡಿ ಗೀಡಿ ಏನೂ ಇಲ್ಲ. ಸೇರೋಕೆ ಇನ್ನೂ ಟೈಮಿದೆ, ಈಗಿಂದ್ಲೇ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ಸಿ."

"ಅದಕ್ಕೇನಂತೆ, ನಾಳೆಯಿಂದ್ಲೇ ನಡೀತಾಳೆ," ಎಂದು ದರ್ಜಿ ಎದೆಯುಬ್ಬಿಸಿ ಹೇಳಿ ಬಂದ.

ಮರುದಿನ ಗಾಡಿಯನ್ನು ಮನೆಯಲ್ಲೇ ಬಿಟ್ಟು, ಬಟ್ಟೆಗಳನ್ನು ಹೆಗಲಿಗೆ ಹಾಕಿಕೊಂಡು, ಮಗಳ ಕೈಹಿಡಿದು ಹೊರಟ. ಗುಬ್ಬಿ ಕುಣಿಯುತ್ತಾ ಬಂದಳು. ಬೇಕರಿಯ ಮೂಲೆ ತಿರುಗಿದ್ದೇ ತಡ, ನಡುಬೀದಿಯಲ್ಲಿ ದೊಪ್ಪನೆ ಕೂತುಬಿಟ್ಟಳು.

"ಏನಾಯ್ತೇ?"

"ಕಾಲು ಖಾಲಿ," ಎಂದಳು.

"ಖಾಲಿ ಅಂದ್ರೆ?"

"ಖಾಲಿ ಅಂದ್ರೆ ಮುಗ್ದೋಯ್ತು ಅಪ್ಪಾ."

ಅಪ್ಪ ಗದರಿದ, ಮುದ್ದು ಮಾಡಿದ, ಬಿಸ್ಕತ್ತಿನ ಆಸೆ ತೋರಿಸಿದ. ಅವಳು ಬಿಸ್ಕತ್ತು ತಿನ್ನುವಷ್ಟು ದೂರ ನಡೆದು, ಕೈಕೊಡವಿಕೊಂಡು ಮತ್ತೆ ಕೂತಳು. ಕೊನೆಗೆ ಒಂದು ಹೆಗಲಿಗೆ ಮಗಳು, ಇನ್ನೊಂದು ಹೆಗಲಿಗೆ ಬಟ್ಟೆ. ಅವನು ಬ್ಯಾಂಕಿನ ಕ್ಯಾಷಿಯರಮ್ಮನ ಮನೆ ಮುಟ್ಟುವಷ್ಟರಲ್ಲಿ ಇಸ್ತ್ರಿಯೆಲ್ಲ ಮುದ್ದೆಯಾಗಿತ್ತು. ಆಕೆ ಪ್ಯಾಂಟನ್ನು ಎತ್ತಿ ಹಿಡಿದು, "ಇದನ್ನ ಹೊಲಿದ್ರೋ, ಹಾಸ್ಕೊಂಡು ಮಲಗಿದ್ರೋ?" ಎಂದಳು. ದರ್ಜಿಯ ಮುಖ ಸಣ್ಣದಾಯಿತು.

ಆಮೇಲಿನ ದಿನಗಳೂ ಹೆಚ್ಚುಕಡಿಮೆ ಹೀಗೇ ಕಳೆದವು. ಹೆಂಡತಿಗೆ ರಜೆ ಬಂದ ದಿನ ಅವಳೂ ಜೊತೆಗೆ ಹೊರಟಳು. ಗಂಡ ಮಗಳನ್ನು ನಡೆಸುವುದನ್ನು ಹಿಂದಿನಿಂದ ನೋಡುತ್ತಾ ಬಂದಳು. ಅವನದು ದಾಪುಗಾಲು, ಗುಬ್ಬಿಗೆ ಅದು ನಡಿಗೆಯಲ್ಲ, ಓಟ. ಬೀಗದ ಅಂಗಡಿಯ ಮುಂದೆ ಅವಳು ನಿಂತು ಕೀಲಿಗೊಂಚಲು ನೋಡಹೊರಟರೆ ಅವನು ಎಳೆದ. ಮೋರಿಯ ಕಂಬಿಯೊಳಗೆ ಇಣುಕಿದರೆ ಎಳೆದ. ಬೆಕ್ಕನ್ನು ಮಾತಾಡಿಸಿದರೆ ಎಳೆದ. ಅಷ್ಟಾದ ಮೇಲೆ ಅವಳು ಕೂತಳು.

"ರೀ, ಅವಳ ಕಾಲು ಸರಿಯಾಗೇ ಇದೆ," ಎಂದಳು ಹೆಂಡತಿ. "ನಿಮ್ಮ ಗಡಿಬಿಡಿಯಿಂದಾನೇ ಎಲ್ಲಾ."

"ಮತ್ತೆ ಇಷ್ಟು ಮನೆಗೆ ತಲುಪಿಸಬೇಕಲ್ಲೇ?"

"ನಾನೂ ಅಷ್ಟು ಜನರನ್ನ ತಲುಪಿಸ್ತೀನಿ. ಹಾಗಂತ ಸ್ಟಾಪಲ್ಲಿ ನಿಲ್ಲಿಸದೆ ಹೋದ್ರೆ ಜನ ಬಿಡ್ತಾರಾ? ನಿಲ್ಲೋ ಜಾಗ ಮೊದಲೇ ಗೊತ್ತಿದ್ರೆ ನಡುವೆ ಯಾರೂ ಗಲಾಟೆ ಮಾಡಲ್ಲ."

ಅಲ್ಲೇ ನಿಂತು ಅವಳು ಮಗಳ ಕೈಗೆ ಒಂದು ಖಾಲಿ ಹ್ಯಾಂಗರು ಕೊಟ್ಟಳು. "ಇದು ಸ್ಟೇರಿಂಗು. ನೀನೇ ಡ್ರೈವರು. ಬೀಗದ ಅಂಗಡಿ ಒಂದು ಸ್ಟಾಪು, ಬೇಕರಿ ಒಂದು ಸ್ಟಾಪು, ಬ್ಯಾಂಕಿನ ಮೆಟ್ಟಿಲು ಒಂದು ಸ್ಟಾಪು. ಸ್ಟಾಪಲ್ಲಿ ಎಷ್ಟು ಬೇಕಾದ್ರೂ ನೋಡು. ನಡುವೆ ಮಾತ್ರ ಬಸ್ಸು ನಿಲ್ಲೋ ಹಾಗಿಲ್ಲ. ಆಯ್ತಾ ಡ್ರೈವರಮ್ಮಾ?"

ಗುಬ್ಬಿ ಹ್ಯಾಂಗರನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನನ್ನು ಗಂಭೀರವಾಗಿ ನೋಡಿದಳು. "ಅಪ್ಪ?"

"ಅಪ್ಪ ಪ್ಯಾಸೆಂಜರ್ರು."

ಮರುದಿನದಿಂದ ಗಾಡಿ ಮತ್ತೆ ಹೊರಬಂತು, ಆದರೆ ಸೀಟಿನ ಮೇಲೆ ಈಗ ಬಟ್ಟೆ. ಮುಂದೆ ಹ್ಯಾಂಗರು ತಿರುಗಿಸುತ್ತಾ ಮಗಳು, ಹಿಂದೆ ಗಾಡಿ ತಳ್ಳುತ್ತಾ ಅಪ್ಪ. ಬೀಗದವನು ಮೊದಲ ದಿನ ಬಾಯಿ ತೆರೆದು ನೋಡಿದ. ಎರಡನೆಯ ದಿನ ಅಂಗಡಿಯ ಮುಂದೆ ಒಂದು ಸ್ಟೂಲು ಹಾಕಿ, "ಬಸ್ ಸ್ಟ್ಯಾಂಡು," ಎಂದ. ಬೇಕರಿಯ ಗಾಜಿನೊಳಗೆ ಬ್ರೆಡ್ಡು ಕತ್ತರಿಸುವ ಯಂತ್ರವನ್ನು ನೋಡುತ್ತಾ ದರ್ಜಿಯೂ ಒಮ್ಮೊಮ್ಮೆ ಮೈಮರೆಯುತ್ತಿದ್ದ. ಅಪ್ಪನಿಗೆ ಇನ್ನೂ ನೋಡುವ ಆಸೆಯಿದ್ದಾಗಲೇ ಮಗಳು, "ಹೊರಡ್ತು, ರೈಟ್!" ಎನ್ನುತ್ತಿದ್ದಳು. ಬಟ್ಟೆ ತಲುಪುವುದು ತಡವಾಗುತ್ತಿತ್ತು. ಅದಕ್ಕಾಗಿ ಅವನು ಹೊರಡುವುದನ್ನೇ ಸ್ವಲ್ಪ ಬೇಗ ಮಾಡಿದ. ಯಾರೂ ಜಗಳಕ್ಕೆ ಬರಲಿಲ್ಲ.

ಎಲ್ಲವೂ ಸಲೀಸಾಯಿತು ಅಂದುಕೊಳ್ಳುವಷ್ಟರಲ್ಲಿ ಒಂದು ದಿನ ದೊಡ್ಡ ರಸ್ತೆಯ ಅಂಚಿನಲ್ಲಿ ಗಾಳಿ ಬೀಸಿ, ಗಾಡಿಯ ಮೇಲಿನ ಕಸೂತಿ ಕರವಸ್ತ್ರವೊಂದು ಹಾರಿತು. ಗುಬ್ಬಿ ಹ್ಯಾಂಗರು ಎಸೆದು ಅದರ ಹಿಂದೆ ಓಡಿದಳು. ಒಂದು ಸ್ಕೂಟರು ಕಿರ್ರನೆ ಬ್ರೇಕು ಹಾಕಿ ಅವಳಿಂದ ಮಾರುದೂರದಲ್ಲಿ ನಿಂತಿತು. ಸ್ಕೂಟರಿನವನು ಬೈದನೋ ಬಿಟ್ಟನೋ ದರ್ಜಿಯ ಕಿವಿಗೆ ಬೀಳಲಿಲ್ಲ. ಓಡಿಹೋಗಿ ಮಗಳನ್ನು ಬಾಚಿ ಎತ್ತಿಕೊಂಡ. ಅವಳನ್ನು ಗಾಡಿಯಲ್ಲಿ ಕೂರಿಸಿ, ಬೆಲ್ಟನ್ನು ಬಿಗಿಯಾಗಿ ಎಳೆದು, ಬಟ್ಟೆಗಳನ್ನೆಲ್ಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ.

"ಸಾಕು. ಶಿಶುವಿಹಾರಕ್ಕೆ ಬೇಕಾದ್ರೆ ಮುಂದಿನ ವರ್ಷ ಹೋಗ್ಲಿ," ಎಂದ ಸಂಜೆ ಹೆಂಡತಿಗೆ.

ಅವಳು ಅವನಿಗೆ ನೀರು ಕೊಟ್ಟು ಪಕ್ಕದಲ್ಲಿ ಕೂತಳು. "ಕೇಳಿ ನನಗೂ ಜೀವ ಹೋದ ಹಾಗಾಯ್ತು," ಎಂದಳು. ಆಮೇಲೆ ಮೆಲ್ಲನೆ ಸೇರಿಸಿದಳು: "ನನ್ನ ಬಸ್ಸಿಗೆ ಅಡ್ಡ ಬರೋ ಮಕ್ಕಳನ್ನ ದಿನಾ ನೋಡ್ತೀನಲ್ಲ. ರಸ್ತೆ ಅಂದ್ರೇನು ಅಂತ ಯಾರೂ ಹೇಳಿಕೊಟ್ಟಿರಲ್ಲ ಅವಕ್ಕೆ. ಬೆಲ್ಟು ಹಾಕಿ ಎಷ್ಟು ದಿನ ಇಡೋಕಾಗುತ್ತೆ ಹೇಳಿ? ಬ್ರೇಕು ಹಾಕೋದನ್ನೂ ಕಲಿಸೋಣ."

ಎರಡು ದಿನ ದರ್ಜಿ ಮಾತು ಕೇಳಿಸದವನಂತೆ ಮಗಳನ್ನು ಗಾಡಿಗೆ ಕಟ್ಟಿಕೊಂಡೇ ತಿರುಗಿದ. ಗುಬ್ಬಿ ಅಳಲಿಲ್ಲ, ಹಟ ಮಾಡಲಿಲ್ಲ. ಬೀಗದ ಅಂಗಡಿ ಬಂದಾಗ ಸೀಟಿನಿಂದಲೇ, "ಸ್ಟಾಪು ಬಂತು," ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದಳಷ್ಟೆ. ಅದನ್ನು ಅವನಿಗೆ ತಡೆಯಲಾಗಲಿಲ್ಲ. ಮೂರನೆಯ ದಿನ ಬೆಲ್ಟು ಬಿಚ್ಚಿದ.

ರಸ್ತೆಯ ಅಂಚು ಬಂದಕೂಡಲೇ "ಬ್ರೇಕ್!" ಎಂದು ಕೂಗಿ ಗಾಡಿಯ ಪಕ್ಕದ ಕಂಬಿ ಹಿಡಿದುಕೊಳ್ಳಬೇಕು, ಏನು ಹಾರಿಹೋದರೂ ಬಿಡಬಾರದು. ಮೊದಮೊದಲು ನಿರ್ಜನವಾದ ಗಲ್ಲಿಗಳಲ್ಲಿ ಇದರ ಪಾಠ ನಡೆಯಿತು. ಬೇಕೆಂದೇ ದರ್ಜಿ ಕರವಸ್ತ್ರ ಹಾರಿಬಿಡುತ್ತಿದ್ದ. ಗುಬ್ಬಿ ಕಂಬಿ ಹಿಡಿದು, ಹಾರುತ್ತಿದ್ದ ಬಟ್ಟೆಯನ್ನು ಕಣ್ಣಲ್ಲೇ ಹಿಂಬಾಲಿಸುತ್ತಾ, ತುಟಿ ಕಚ್ಚಿ ನಿಲ್ಲುತ್ತಿದ್ದಳು. ದೊಡ್ಡ ರಸ್ತೆಗೆ ಮತ್ತೆ ಬಂದ ದಿನ ಅವಳು ಹಾಕಿದ ಬ್ರೇಕಿನ ಕೂಗಿಗೆ ಪಕ್ಕದಲ್ಲಿದ್ದ ಪೊಲೀಸನೂ ಬೆಚ್ಚಿ ನಿಂತ.

ಶಿಶುವಿಹಾರ ಶುರುವಾಗುವ ಹಿಂದಿನ ವಾರ ಪಿಟೀಲು ಮೇಷ್ಟ್ರ ಕೋಟು ತಲುಪಿಸಬೇಕಾಗಿತ್ತು. ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ ಅವರ ಮನೆ. ಮಗು ಮಲಗಿರುತ್ತದೆ, ಗಾಡಿ ಹತ್ತಿಸಲಾಗುವುದಿಲ್ಲ ಎಂದು ದರ್ಜಿ ಯಾವಾಗಲೂ ಕೆಳಗಿನಿಂದ ಕೂಗುತ್ತಿದ್ದ. ಮೇಷ್ಟ್ರು ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರು. ಅಂದು ಅವನು ಕೂಗಲು ಬಾಯಿ ತೆರೆಯುವ ಮೊದಲೇ ಗುಬ್ಬಿ ಒಳಗೆ ನುಗ್ಗಿ ಮೆಟ್ಟಿಲು ಹತ್ತತೊಡಗಿದ್ದಳು. ಬೇರೆ ದಾರಿಯಿಲ್ಲದೆ ಕೋಟು ಹಿಡಿದು ಹಿಂದೆಯೇ ಹತ್ತಿದ.

ಮೇಷ್ಟ್ರು ಬಾಗಿಲು ತೆಗೆದು, "ಟೈಲರ್ರೇ! ನಿಮಗೆ ಕಾಲೂ ಇದ್ಯಾ? ಮೇಲಿಂದ ಬರೀ ತಲೆ ನೋಡಿದ್ದೆ," ಎಂದು ನಕ್ಕರು. ಗುಬ್ಬಿ ಏದುಸಿರು ಬಿಡುತ್ತಾ ಪಿಟೀಲನ್ನೇ ನೋಡುತ್ತಿದ್ದಳು. ಮೇಷ್ಟ್ರು ಆಗಷ್ಟೇ ಬಂದ ಕೋಟನ್ನೇ ತೊಟ್ಟು ಅವಳಿಗಾಗಿ ಒಂದೆರಡು ಸಾಲು ನುಡಿಸಿದರು. ಗುಬ್ಬಿ ಸಂಗೀತ ಕೇಳುತ್ತಿದ್ದಳು; ದರ್ಜಿಯ ಕಣ್ಣು ಬಲಗೈಯ ಕಂಕುಳಿನ ಮೇಲೇ ನೆಟ್ಟಿತ್ತು. ಕಮಾನು ಮೇಲೇರಿದಾಗಲೆಲ್ಲ ಇಡೀ ಕೋಟು ಹೆಗಲಿನೊಡನೆ ಮೇಲಕ್ಕೆ ಜಗ್ಗುತ್ತಿತ್ತು.

"ಮೇಷ್ಟ್ರೇ, ಇದು ಯಾವಾಗಲೂ ಹೀಗೇ ಹಿಡಿಯುತ್ತಾ?"

"ಹಿಡಿಯುತ್ತೆ. ಎಷ್ಟು ಸಲ ಚೀಟಿ ಬರೆದು ಬುಟ್ಟೀಲಿ ಹಾಕಿದ್ದೆ, ಬಿಗಿ ಅಂತ. ನೀವು ಹೊಟ್ಟೆ ಸಡಿಲ ಮಾಡಿ ಕಳಿಸ್ತಿದ್ರಿ. ಇರಲಿ, ಊಟಕ್ಕೆ ಅನುಕೂಲ ಆಯ್ತು."

ದರ್ಜಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಜೇಬಿನಿಂದ ಗುಂಡುಪಿನ್ನು ತೆಗೆದು, ಮೇಷ್ಟ್ರ ಕೈ ಮೇಲೆತ್ತಿಸಿ, ಹೊಲಿಗೆ ಬಿಚ್ಚಬೇಕಾದ ಜಾಗ ಗುರುತು ಮಾಡಿದ. ಅಷ್ಟು ಹೊತ್ತು ಗುಬ್ಬಿ ಕಿಟಕಿಯ ಬಳಿಯ ಸ್ಟೂಲಿನ ಮೇಲೆ ನಿಂತು, ಮೇಷ್ಟ್ರು ಎಡಗೈಯಲ್ಲಿ ಅವಳ ಸೊಂಟ ಹಿಡಿದಿರಲು, ಖಾಲಿ ಬುಟ್ಟಿಯನ್ನು ಕೆಳಗೆ ಇಳಿಸಿ ಮೇಲೆ ಎಳೆದು ಆಡಿದಳು.

ಸಂಜೆ ಹೆಂಡತಿ ಬಂದು ಬೂಟು ಬಿಚ್ಚುವ ಮೊದಲೇ ಕೇಳಿದಳು: "ಇವತ್ತು ಹೇಗೆ ನಡೆದ್ಲು?"

"ನೋಡು, ಕಂಕುಳಲ್ಲಿ ಒಂದು ತ್ರಿಕೋನದ ತುಂಡು ಸೇರಿಸಿಬಿಟ್ರೆ ಕೈ ಪೂರ್ತಿ ಮೇಲೇಳುತ್ತೆ, ಕೋಟು ಅಲ್ಲಾಡಲ್ಲ," ಎಂದ ದರ್ಜಿ, ಮರಳಿ ತಂದಿದ್ದ ಮೇಷ್ಟ್ರ ಕೋಟಿನ ಹೊಲಿಗೆ ಬಿಚ್ಚುತ್ತಲೇ.

"ನಾನು ಕೇಳಿದ್ದು ಮಗಳ ವಿಷ್ಯಾರೀ. ನೀವು ಕಂಕುಳಿನ ಪುರಾಣ ಹೇಳ್ತಿದೀರಲ್ಲ!"

"ಅವಳಾ? ಅಷ್ಟೂ ಮೆಟ್ಟಿಲು ಹತ್ತಿದ್ಲು. ನನಗೇ ದಮ್ಮು ಹತ್ತಿತ್ತು," ಎಂದು ಅವನು ಕೋಟಿನ ತೋಳನ್ನು ಬೆಳಕಿಗೆ ಹಿಡಿದ. ಪಕ್ಕದ ಚಾಪೆಯ ಮೇಲೆ ಗುಬ್ಬಿ, ಊಟಕ್ಕೂ ಕಾಯದೆ, ಒಂದು ಚಪ್ಪಲಿ ಇನ್ನೂ ಕಾಲಲ್ಲಿರುವಾಗಲೇ ನಿದ್ದೆ ಹೋಗಿದ್ದಳು.