ಗೋಲಿನ ಹಿಂದೆ ನಿಂತವನು

ನಾಯಿ ಬೇಲಿಯ ಹತ್ತಿರ ನಿಂತು ಗುರುಗುಟ್ಟುವುದು ಕೇಳಿ ಬುವಾಲಿ ಒಲೆಯ ಮುಂದಿನಿಂದ ಎದ್ದು ಬಂದಳು. ಹೊರಗಿನವರು ಯಾರೂ ಇರಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದವನು ಅವಳ ಮಗ ತವೀಸಕ್. ಆ ನಾಯಿ ಕಣ್ಣು ಬಿಡದ ಮರಿಯಾಗಿದ್ದಾಗ ಅದನ್ನು ಅಂಗಿಯೊಳಗಿಟ್ಟುಕೊಂಡು ಮನೆಗೆ ತಂದವನೂ ಅವನೇ.

"ಏನೋ ಮುದಿಯ, ಅನ್ನ ಹಾಕಿದವನ ಗುರುತೇ ಸಿಗಲಿಲ್ವೇನೋ ನಿಂಗೆ?" ಎಂದು ಬುವಾಲಿ ಗದರಿದಳು. ನಾಯಿ ಹಿಂದೆ ಸರಿಯಿತು. ಬಾಲ ಮಾತ್ರ ಆಡಿಸಲಿಲ್ಲ.

ತವೀಸಕ್ ಸವನ್ನಖೇತ್ ಊರಿನ ತಂಡಕ್ಕೆ ಗೋಲು ಕಾಯುವವನು. ಆ ಚಳಿಗಾಲದಲ್ಲಿ ಅವನಿಗೆ ಲಾವೋಸ್ ದೇಶದ ತಂಡದಿಂದಲೇ ಕರೆ ಬಂದಿತ್ತು. ಮೂರನೆಯ ಗೋಲ್‌ಕೀಪರ್ ಎಂದು ಹೆಸರು, ಅಷ್ಟೆ. ನೀರಿನ ಬಾಟಲಿ ಹೊರೋಕೆ ಹೋಗ್ತಿದೀಯ, ಚೆನ್ನಾಗಿ ಹೊತ್ಕೊಂಡು ಬಾ ಎಂದು ಗೆಳೆಯರು ಚುಡಾಯಿಸಿ ಕಳಿಸಿದ್ದರು. ಆಟ ಇದ್ದದ್ದು ಮೇಕಾಂಗ್ ನದಿಯ ಆಚೆ, ಥಾಯ್ ನೆಲದಲ್ಲಿ, ಸೇತುವೆ ದಾಟಿ ಬಸ್ಸಿನಲ್ಲಿ ಎರಡು ಗಂಟೆ ಹೋದರೆ ಸಿಗುವ ಒಂದು ಊರಿನಲ್ಲಿ. ಅಲ್ಲಿ ಒಬ್ಬ ಗೋಲ್‌ಕೀಪರಿಗೆ ಜ್ವರ ಬಂತು, ಇನ್ನೊಬ್ಬನ ಕಾಲು ಉಳುಕಿತು. ಬಾಟಲಿ ಹೊರಬೇಕಾದವನು ಗೋಲಿಗೆ ನಿಂತ. ಐದು ಗೋಲು ಬಿಟ್ಟುಕೊಟ್ಟ. ಊರಿಗೆ ಊರೇ ಟೀವಿಯಲ್ಲಿ ನೋಡಿ, ಕೊನೆಗೆ ಟೀವಿ ಆರಿಸಿ ಎದ್ದು ಹೋಗಿತ್ತು.

ಮಗ ಅಳುತ್ತಾನೆ ಅಂದುಕೊಂಡಿದ್ದಳು ಬುವಾಲಿ. ಅವನು ಮೊದಲಿಂದಲೂ ಪುಕ್ಕಲು. ಆಟದ ದಿನ ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿಕೊಂಡು, ಕೈ ನಡುಗುವುದು ಕಾಣಬಾರದೆಂದು ಬೆರಳು ಹೆಣೆದು ಹೊಟ್ಟೆಯ ಮೇಲಿಟ್ಟುಕೊಂಡು ಮೈದಾನಕ್ಕೆ ಹೋಗುವವನು. ಸೋತ ದಿನ ಅವಳ ಹೆಗಲವಸ್ತ್ರದ ಚುಂಗಿನಿಂದ ಮುಖ ಒರೆಸಿಕೊಳ್ಳುವವನು. ಚಿಕ್ಕಂದಿನಲ್ಲಿ ದೋಣಿಯಲ್ಲಿ ನದಿ ದಾಟುವಾಗಲೂ ಆ ಚುಂಗು ಬಿಡುತ್ತಿರಲಿಲ್ಲ. ಈಗ ಸುಮ್ಮನೆ ಕೂತ. ಬುಟ್ಟಿಯಿಂದ ಅಂಟಕ್ಕಿ ಅನ್ನ ತೆಗೆದು ಉಂಡೆ ಮಾಡಿ, ಸುಟ್ಟ ಮೆಣಸಿನ ಚಟ್ನಿಗೆ ಅದ್ದಿ, ಬೆಲ್ಲ ತಿಂದ ಹಾಗೆ ತಿಂದ. ಕಣ್ಣಲ್ಲಿ ಒಂದು ಹನಿ ನೀರಾಡಲಿಲ್ಲ.

ಆಗ ಅವಳ ಕಣ್ಣು ಅವನ ಮುಂಗೈಗೆ ಹೋಯಿತು. ಬರಿಗೈ.

"ನೂಲು ಎಲ್ಲೋ?"

"ಕತ್ತರಿಸಿದ್ರು."

ಮನುಷ್ಯನ ಮೈಯಲ್ಲಿ ಮೂವತ್ತೆರಡು ಒಳಜೀವಗಳಿರುತ್ತವೆ. ಬೆದರಿದರೆ, ದೂರ ಹೋದರೆ, ಒಂದೊಂದು ಹಿಂದೆ ಉಳಿದುಬಿಡುತ್ತದೆ. ಅದಕ್ಕೇ ಹೊರಡುವ ಮುಂಚೆ ಮುಂಗೈಗೆ ಬಿಳಿ ನೂಲು ಕಟ್ಟಿ ಅವನ್ನೆಲ್ಲ ಮೈಗೆ ಬಿಗಿಯುವುದು. ಕಟ್ಟಿದವನು ಬುವಾಲಿಯ ಅಣ್ಣ ಖಾಂಪ್ಹುಯ್, ಹರೆಯದಲ್ಲಿ ಭಿಕ್ಷುವಾಗಿದ್ದು ಬಂದವನು. ಮೂರು ದಿನ ಆದ್ಮೇಲೆ ಗಂಟು ಬಿಚ್ಚು, ಕತ್ತರಿ ಮಾತ್ರ ತಾಗಿಸಬೇಡ ಎಂದು ಅವನು ಹೇಳಿಯೇ ಕಟ್ಟಿದ್ದ. ಉಳಿದ ಹುಡುಗರು ಜಾಣರು, ಹಿಂದಿನ ದಿನವೇ ಗಂಟು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರಂತೆ. ತವೀಸಕ್ ಮಾವನ ಮಾತು ಮೀರಲಿಲ್ಲ. ಗೋಲಿನ ಹಿಂದೆ, ಮೈದಾನಕ್ಕೆ ಇಳಿಯುವ ಬಾಗಿಲಲ್ಲಿ ಯಾರೋ ಅಧಿಕಾರಿ, ದೂರದೇಶದವನು, ಉಂಗುರ ದಾರ ಏನೂ ಇರಕೂಡದು ಎಂದು ಹೇಳಿ, ಗಂಟು ಬಿಚ್ಚಲು ಪುರುಸೊತ್ತು ಕೊಡದೆ ಕತ್ತರಿ ಆಡಿಸಿಬಿಟ್ಟ. ನೂಲು ಗೋಲಿನ ಪಕ್ಕದ ಹುಲ್ಲಲ್ಲಿ ಬಿತ್ತು.

ಇದನ್ನೆಲ್ಲ ತವೀಸಕ್ ಬೇರೆ ಯಾರದೋ ಸಂಗತಿ ಹೇಳುವ ಹಾಗೆ ಹೇಳಿದ.

ಆಮೇಲೆ ಊರಿನ ಲೀಗು ಮತ್ತೆ ಶುರುವಾಯಿತು. ಐದು ಗೋಲು ತಿಂದು ಬಂದವನನ್ನು ಮುಂದೆ ಆಡಿಸುವುದೋ ಬೇಡವೋ ಎಂದು ಮೇಷ್ಟ್ರು ಯೋಚನೆಯಲ್ಲಿದ್ದರು. ತಂಡಕ್ಕೆ ಆಟ ಕಲಿಸುವ ಕೊಂಗ್‌ಸಿಯವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ಆಟ ನೋಡೋಣ ಎಂದು ಆಡಿಸಿದರು. ಆ ಆಟದಲ್ಲಿ ಒಂದೂ ಗೋಲು ಒಳಗೆ ಹೋಗಲಿಲ್ಲ. ಮುಂದಿನದರಲ್ಲೂ ಇಲ್ಲ. ಚೆಂಡು ಮುಖದ ಮೇಲೆ ಬಂದರೂ ಅವನು ರೆಪ್ಪೆ ಬಡಿಯುತ್ತಿರಲಿಲ್ಲ. ಪೆನಾಲ್ಟಿ ಹೊಡೆಯಲು ಬಂದವನ ಕಣ್ಣಿಗೆ ಕಣ್ಣಿಟ್ಟು ನಿಂತರೆ ಹೊಡೆಯುವವನು ಚೆಂಡನ್ನು ಕಂಬದಾಚೆ ಒದೆಯುತ್ತಿದ್ದ. ಎರಡು ಕಂಬದ ನಡುವೆ ಇನ್ನೊಂದು ಕಂಬ ನೆಟ್ಟಿದ್ದೀವಿ ಕಣ್ರಯ್ಯ ಎಂದು ಮೇಷ್ಟ್ರು ನಗುತ್ತಿದ್ದರು. ಚಳಿ ಹೋಗಿ ಬಿಸಿಲು ಬಂತು. ಬೇಸಿಗೆಯಲ್ಲಿ ಬರುವ ಲಾವೋ ಹೊಸವರ್ಷದ ನೀರಾಟದ ಹೊತ್ತಿಗೆ ತಂಡ ಎಲ್ಲರಿಗಿಂತ ಮೇಲಿತ್ತು.

ನೀರಾಟದ ದಿನ ಹುಡುಗರು ಅವನ ತಲೆಯ ಮೇಲೆ ಮಂಜುಗಡ್ಡೆ ಬೆರೆಸಿದ ನೀರು ಸುರಿದರು. ಅವನು ಮೈ ನಡುಗಿಸದೆ ನಿಂತೇ ಇದ್ದ. ಸುರಿದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

ಅದಾದ ಸ್ವಲ್ಪ ದಿನಕ್ಕೆ, ಆಚೆ ದೇಶದ ತಂಡ ಅದೇ ಮೈದಾನದಲ್ಲಿ ಇನ್ಯಾರ ಜೊತೆಗೋ ಆಡುವುದು ಟೀವಿಯಲ್ಲಿ ಬಂತು. ಬುವಾಲಿ ಬಾಳೆಹಣ್ಣು ಸುಡುತ್ತ ಕೂತಿದ್ದಳು. ಪಕ್ಕದಲ್ಲಿ ತವೀಸಕ್. ಒಂದು ಸಲ ಚೆಂಡು ಹೊರಗೆ ಹೋದಾಗ ಗೋಲಿನ ಹಿಂದಿನ ಜಾಗ ಕಾಣಿಸಿತು. ಎಡಗಡೆಯ ಕಂಬದ ಹಿಂದೆ ಲಾವೋಸ್ ತಂಡದ ಕೆಂಪು ಅಂಗಿ ಹಾಕಿದವನೊಬ್ಬ ನಿಂತಿದ್ದ. ಬೆರಳು ಹೆಣೆದು ಹೊಟ್ಟೆಯ ಮೇಲಿಟ್ಟುಕೊಂಡಿದ್ದ. ಆಟ ನೋಡುತ್ತಿರಲಿಲ್ಲ. ಜನ ಬಂದು ಹೋಗುವ ಬಾಗಿಲಿನ ಕಡೆಗೇ ನೋಡುತ್ತಿದ್ದ.

ಬಾಳೆಹಣ್ಣು ಸೀದ ವಾಸನೆ ಬಂದರೂ ಬುವಾಲಿಗೆ ತಿಳಿಯಲಿಲ್ಲ. ಮಗನ ಕಡೆ ತಿರುಗಿದಳು. ಅವನೂ ನೋಡುತ್ತಿದ್ದ.

"ಯಾರೋ ಪಾಪ, ಬಸ್ಸು ತಪ್ಪಿರ್ಬೇಕು," ಎಂದ.

ಖಾಂಪ್ಹುಯ್ ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿದ. ನೂಲು ಬಿದ್ದ ಜಾಗಕ್ಕೇ ಹೋಗಬೇಕು, ಅಲ್ಲಿ ಉಳಿದ ಒಳಜೀವವನ್ನು ಮೀನು ಗೋರುವ ಬಲೆಯಲ್ಲಿ ಗೋರಿ ತರಬೇಕು, ಹೆತ್ತವಳೇ ತರಬೇಕು ಎಂದ. ಬಲೆಯೊಳಗೆ ಅವನು ತೊಟ್ಟು ಬಿಟ್ಟ ಅಂಗಿ, ಬೇಯಿಸಿದ ಮೊಟ್ಟೆ, ಅನ್ನದ ಉಂಡೆ. ಬರುವಾಗ ಹಿಂದೆ ತಿರುಗಿ ನೋಡಬಾರದು. ದಾರಿಯಲ್ಲಿ ಯಾರಾದರೂ ಒಬ್ಬಳೇನಾ ಎಂದು ಕೇಳಿದರೆ ಹೌದು ಅನ್ನಬಾರದು.

ಸುದ್ದಿ ಹೇಗೋ ಮೇಷ್ಟ್ರ ಕಿವಿಗೆ ಬಿತ್ತು. ಅವರು ಮನೆಗೆ ಬಂದು ಚಾಪೆಯ ಮೇಲೆ ಕೂತು, ಅಕ್ಕ, ನಾನೂ ಲಾವೋ ತಾಯಿಯ ಮಗನೇ, ನಂಬಲ್ಲ ಅಂತ ಅಲ್ಲ ಎಂದರು. ಇನ್ನು ಉಳಿದಿರುವುದು ಒಂದೇ ಆಟ. ಗೆಲ್ಲಲೂ ಬೇಕಾಗಿಲ್ಲ, ಸಮ ಆದರೂ ಲೀಗಿನ ಕಪ್ ಊರಿಗೆ ಬರುತ್ತದೆ. ದೇಶದ ತಂಡದವರೂ ಅವತ್ತು ಅವನನ್ನು ನೋಡಲು ಬರುತ್ತಾರೆ, ಈ ಸಲ ಮೂರನೆಯವನಾಗಿ ಅಲ್ಲ.

"ಭಯ ಹೋಗಿದೆ ಅಕ್ಕ ಅವನಿಗೆ. ಎಷ್ಟು ಜನ ಬೇಡ್ಕೊಂಡ್ರೂ ಸಿಗದೇ ಇರೋದು ಅದು. ಒಂದೇ ಶನಿವಾರ ತಡ್ಕೊಳ್ಳಿ."

ಬುವಾಲಿ ಮಗನನ್ನು ಕೇಳಿದಳು. ಅವನು, ಎರಡೂ ಒಂದೇ ನನಗೆ ಎಂದ. ಒಂದೇ ಶನಿವಾರ ತಾನೇ ಎಂದು ಅವಳು ತಡೆದುಕೊಂಡಳು.

ಆ ಶನಿವಾರ ಬೆಳಿಗ್ಗೆ ಅವಳು ಅನ್ನದ ಬುಟ್ಟಿ ತಂದು ಮುಂದಿಟ್ಟಳು. ತವೀಸಕ್ ತಲೆ ಎತ್ತಿ, ಹೊಸಬರನ್ನು ಕಂಡವರ ಹಾಗೆ ಮರ್ಯಾದೆಯಿಂದ ನಕ್ಕ.

"ಅಮ್ಮಾವ್ರೇ, ಇವತ್ತು ನಿಮ್ಮ ಮಗನ ಮ್ಯಾಚು ಅಲ್ವಾ? ನೀವು ನೋಡೋಕೆ ಹೋಗಲ್ವಾ?"

ಬುವಾಲಿ ಬುಟ್ಟಿಯ ಮುಚ್ಚಳ ಕೈಯಲ್ಲೇ ಹಿಡಿದು ನಿಂತಳು. ಆಮೇಲೆ, ಹೋಗ್ತೀನಿ ಎಂದಳು. ಅವನು ಮೈದಾನಕ್ಕೆ ಹೊರಟ ಮೇಲೆ ಗೋಡೆಗೆ ಸಿಕ್ಕಿಸಿದ್ದ ಬಲೆ ತೆಗೆದುಕೊಂಡು ಸೇತುವೆಯ ಬಸ್ಸು ಹತ್ತಿದಳು.

ನಡುಮಧ್ಯಾಹ್ನ. ಆಚೆ ಊರಿನ ಮೈದಾನದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಬಾಗಿಲಲ್ಲಿ ಒಬ್ಬ ಮುದುಕ ಬಿದಿರ ಕುರ್ಚಿಯ ಮೇಲೆ ಕೂತಿದ್ದ. ಆ ಸೀಮೆಯವರ ಮಾತೂ ಲಾವೋ ಮಾತೇ, ಊಟವೂ ಒಂದೇ. ಏನು ಹೇಳಿ ಒಳಗೆ ಹೋಗುವುದೆಂದು ಬುವಾಲಿ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದಳು. ಮುದುಕ ಅವಳ ಮುಖ ನೋಡಲಿಲ್ಲ. ಬಲೆ ನೋಡಿದ. ಎದ್ದು ಬಾಗಿಲು ತೆಗೆದ.

"ಬಂದ್ಯಲ್ಲ ತಂಗಿ. ಯಾಕಿಷ್ಟು ತಡ ಮಾಡ್ದೆ?" ಎಂದ. "ಮೊದಮೊದಲು ಕೆಲಸದ ಹುಡುಗ ಅಂದ್ಕೊಂಡಿದ್ದೆ. ಕರೆದ್ರೆ ಬರ್ತಿರ್ಲಿಲ್ಲ. ಸಂಜೆ ನನ್ನ ಅನ್ನದಲ್ಲಿ ಒಂದು ಉಂಡೆ ಅಲ್ಲಿಡ್ತೀನಿ. ಬೆಳಿಗ್ಗೆ ನೋಡಿದ್ರೆ ಹಾಗೇ ಇರತ್ತೆ. ಹೆಬ್ಬೆರಳಲ್ಲಿ ಒತ್ತಿದ ಗುಳಿ ಮಾತ್ರ ಬಿದ್ದಿರತ್ತೆ."

ಹಾಗೆ ಗುಳಿ ಮಾಡುವುದು ಚಟ್ನಿ ತುಂಬಿಕೊಳ್ಳಲು. ಬುವಾಲಿಯೇ ಮಗನಿಗೆ ಕಲಿಸಿದ್ದು.

ಎಡಗಡೆಯ ಕಂಬದ ಹಿಂದೆ ಒಂದು ಹೆಜ್ಜೆಯಷ್ಟು ಜಾಗದಲ್ಲಿ ಹುಲ್ಲು ಬೆಳೆದಿರಲಿಲ್ಲ. ಅವಳು ಅಲ್ಲಿ ಕೂತು, ಅಂಗಿ ಮಡಚಿ ಬಲೆಯೊಳಗಿಟ್ಟು, ನೀರಲ್ಲಿ ಮೀನು ಗೋರುವ ಹಾಗೆ ನೆಲದ ಮೇಲೆ ಬಲೆ ಆಡಿಸಿದಳು. ಬಾ ನನ್ನಪ್ಪ, ಬಿಸಿಲಲ್ಲಿ ನಿಲ್ಲಬೇಡ, ಒಲೆಯಲ್ಲಿ ಬೆಂಕಿ ಇದೆ, ಬುಟ್ಟಿಯಲ್ಲಿ ಅನ್ನ ಇದೆ, ನಾಯಿ ಕಾಯುತ್ತಾ ಇದೆ, ಬಾ ಎಂದು ಮೆಲ್ಲಗೆ ಕರೆದಳು. ಗಾಳಿ ಇರಲಿಲ್ಲ. ಗೋಲಿನ ಬಲೆ ಮಾತ್ರ ಯಾರೋ ಬೆನ್ನು ಒರಗಿಸಿ ಎದ್ದ ಹಾಗೆ ಒಮ್ಮೆ ಅಲ್ಲಾಡಿತು. ಅವಳ ಕೈಯಲ್ಲಿದ್ದ ಬಲೆಯ ಹಿಡಿ ಬಾಗಿತು. ನೀರಿನಿಂದ ಎತ್ತಿದಾಗ ಆಗುವಷ್ಟು ಭಾರ. ಹೊರಗೆ ಬರುವಾಗ ಮುದುಕ ಬಾಗಿಲನ್ನು ಅವಳು ದಾಟಿದ ಕೂಡಲೇ ಹಾಕಲಿಲ್ಲ, ಇನ್ನೂ ಸ್ವಲ್ಪ ಹೊತ್ತು ತೆರೆದೇ ಹಿಡಿದಿದ್ದ.

ಸಂಜೆಯ ಮುಂಚೆ ನದಿಯ ಥಾಯ್ ದಡಕ್ಕೆ ವಾಪಸು ಬಂದಳು. ಗಡಿಯ ಅಧಿಕಾರಿ ಕಾಗದ ನೋಡುತ್ತ, ಒಬ್ಬರೇನಾ ಎಂದು ಕೇಳಿದ.

"ಮಗ ಇದಾನೆ ಜೊತೆಗೆ."

ಅವನು ತಲೆ ಎತ್ತಿ ಅವಳ ಭುಜದಾಚೆ ನೋಡಿದ. ಮುದ್ರೆ ಒತ್ತಿದ. ಎರಡನೆಯ ಕಾಗದ ಎಲ್ಲಿ ಎಂದು ಕೇಳಲಿಲ್ಲ.

ಸೇತುವೆಯ ಬಸ್ಸು ನಿಂತಿತ್ತು. ಡ್ರೈವರ್ ಫೋನಿನಲ್ಲಿ ಆಟದ ಸುದ್ದಿ ಜೋರಾಗಿ ಹಾಕಿಕೊಂಡಿದ್ದ. ಇನ್ನೂ ಯಾರೂ ಗೋಲು ಹೊಡೆದಿಲ್ಲ, ತವೀಸಕ್ ಗೋಡೆಯ ಹಾಗೆ ನಿಂತಿದ್ದಾನೆ ಎಂದು ಹೇಳುತ್ತಿದ್ದರು. ಅದನ್ನು ಕೇಳಿ ಬುವಾಲಿ ಬಸ್ಸು ಹತ್ತದೆ ಬೆಂಚಿನ ಮೇಲೆ ಕೂತಳು. ಆಟ ಮುಗಿಯುವವರೆಗೆ ಇಲ್ಲೇ ಕೂತರೆ ಊರಿಗೆ ಕಪ್, ಮಗನಿಗೆ ದೇಶದ ತಂಡ. ಮೇಷ್ಟ್ರು ಕೇಳಿದ್ದೂ ಅಷ್ಟೇ ಅಲ್ಲವೇ. ಆ ಬಸ್ಸು ಹೊರಟುಹೋಯಿತು. ಇನ್ನೊಂದು ಬಂತು. ಅದನ್ನೂ ಬಿಡುವುದೆಂದು ಬಲೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

ಹಿಂದಿನಿಂದ ಅವಳ ಹೆಗಲವಸ್ತ್ರದ ಚುಂಗನ್ನು ಯಾರೋ ಹಿಡಿದುಕೊಂಡರು. ಎಳೆಯಲಿಲ್ಲ. ದೋಣಿಯಲ್ಲಿ ಹೆದರಿದ ಮಗು ಹಿಡಿದುಕೊಂಡ ಹಾಗೆ, ಸುಮ್ಮನೆ.

ಬುವಾಲಿ ತಿರುಗಿ ನೋಡದೆ ಎದ್ದು ಬಸ್ಸು ಹತ್ತಿದಳು.

ಪಕ್ಕದ ಜಾಗದಲ್ಲಿ ಕೂರಲು ಬಂದ ಹೆಂಗಸೊಬ್ಬಳು, ಯಾರೋ ಇದ್ದಾರೆ ಅಲ್ವಾ, ಎಂದು ಮುಂದೆ ಹೋದಳು. ಬಸ್ಸು ಸೇತುವೆಯ ನಡುಮಧ್ಯಕ್ಕೆ ಬಂದಾಗ ಈ ಡ್ರೈವರನ ಫೋನಿನಲ್ಲೂ ಅದೇ ಆಟ. ಹೇಳುತ್ತಿದ್ದವನ ದನಿ ಇದ್ದಕ್ಕಿದ್ದ ಹಾಗೆ ತಡವರಿಸಿತು. ತವೀಸಕ್ ಚೆಂಡು ಬಿಟ್ಟು ನದಿಯ ಕಡೆ ನೋಡ್ತಿದಾನೆ, ಏನಾಯ್ತೋ ಗೊತ್ತಿಲ್ಲ, ಕೈ ಹೊಟ್ಟೆಯ ಮೇಲಿಟ್ಕೊಂಡಿದಾನೆ, ಚೆಂಡು ಬರ್ತಾ ಇದೆ, ಮೆತ್ತಗೆ ಉರುಳ್ಕೊಂಡು ಬರ್ತಾ ಇದೆ ಎಂದ. ಡ್ರೈವರ್ ಬೈದು ಫೋನು ಆರಿಸಿದ. ಬುವಾಲಿ ಬಲೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅದು ಹಗುರವಾಗಿತ್ತು.

ಅವಳು ಮೈದಾನ ತಲುಪಿದಾಗ ಸೂರ್ಯ ಆಚೆ ದಡಕ್ಕೆ ಇಳಿದಿದ್ದ. ಗೆದ್ದವರು ಕಪ್ ಹೊತ್ತು ಹೋಗಿಯಾಗಿತ್ತು. ಬಾಗಿಲ ಹೊರಗೆ ಮೇಷ್ಟ್ರು ಒಬ್ಬರೇ ನಿಂತಿದ್ದರು. ಅವಳ ಕೈಯಲ್ಲಿದ್ದ ಬಲೆಯನ್ನು ನೋಡಿದರು. ಚಪ್ಪಲಿ ಎಳೆದುಕೊಂಡು ಹೊರಟುಹೋದರು.

ತವೀಸಕ್ ಗೋಲಿನ ನಡುವೆ ಕಾಲು ಮಡಚಿ ಕೂತಿದ್ದ. ಮನೆಯ ನಾಯಿ ಎಲ್ಲಿಂದಲೋ ಬಂದು ಅವನ ಪಾದದ ಮೇಲೆ ಗಲ್ಲ ಇಟ್ಟು ಮಲಗಿತ್ತು. ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಭಯ ಆಯ್ತಮ್ಮ," ಎಂದ.

ಬುವಾಲಿ ಒಳಗಿದ್ದುದನ್ನೆಲ್ಲ ತೆಗೆದಿಟ್ಟು ಬಲೆಯನ್ನು ಅವನ ತಲೆಯ ಮೇಲೆ ಮೆಲ್ಲಗೆ ಬೋರಲು ಹಾಕಿ ತೆಗೆದಳು. ಅಣ್ಣ ಕೊಟ್ಟಿದ್ದ ನೂಲನ್ನು ಮುಂಗೈಗೆ ಸುತ್ತಿ ಗಂಟು ಹಾಕಿದಳು. ಬಲೆಯೊಳಗಿದ್ದ ಮೊಟ್ಟೆ ಸುಲಿದು ಕೊಟ್ಟಳು. ಅನ್ನದ ಉಂಡೆ ಕೊಟ್ಟಳು. ಎಲೆಯ ಪೊಟ್ಟಣ ಬಿಚ್ಚಿ ಚಟ್ನಿ ಮುಂದಿಟ್ಟಳು.

ಅವನು ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿದ.

"ಆ ತಾತ ದಿನಾ ಅನ್ನ ಇಡ್ತಿದ್ರು," ಎಂದ. "ಬರೀ ಅನ್ನ. ಚಟ್ನಿ ಇರ್ತಿರ್ಲಿಲ್ಲ."

ಗುಳಿಯ ತುಂಬ ಚಟ್ನಿ ತುಂಬಿಕೊಂಡು ಬಾಯಿಗೆ ಹಾಕಿಕೊಂಡ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಅಮ್ಮನ ಹೆಗಲವಸ್ತ್ರದ ಚುಂಗಿಗೆ ಕೈ ಚಾಚಿದ.