ಕಾಣದ ತೋಟದ ಒಡೆಯ

ಮಧ್ಯಾಹ್ನದ ಊಟ ಮುಗಿದು, ಒಮಾನಿನ ಸುವೈಕ್ ಊರಿನ ಕಡಲು ಹಾಲಿನಂತೆ ಬೆಳ್ಳಗೆ ನಿಂತುಬಿಡುವ ಹೊತ್ತಿಗೆ ಥಾರ್ನ್ ಸಾಹೇಬರಿಗೆ ತೋಟದ ನೆನಪಾಗುತ್ತಿತ್ತು.

"ಆಲ್ಬಿನಾ, ತೋಟಕ್ಕೆ ಹೋಗುವ ಹಡಗು ಬಂತಾ?"

"ಇಲ್ಲ ಸರ್. ಬಂದ ಕೂಡಲೇ ಹೇಳ್ತೇನೆ."

ಬೆಳ್ತಂಗಡಿ ಕಡೆಯ ಆಲ್ಬಿನಾ ಮಸ್ಕತ್‌ನಲ್ಲಿ ಬಹುಕಾಲ ನರ್ಸ್ ಆಗಿದ್ದು, ಈಗ ಈ ಇಂಗ್ಲಿಷ್ ಮುದುಕರನ್ನು ನೋಡಿಕೊಳ್ಳಲು ಕಡಲಂಚಿನ ಮನೆಗೆ ಬಂದಿದ್ದಳು. ಸಾಹೇಬರು ಹೇಳುವ ತೋಟ ಕೆರಿಬಿಯನ್ ಕಡಲಿನ ಒಂದು ದ್ವೀಪದಲ್ಲಿತ್ತಂತೆ. ಕಬ್ಬಿನ ತೋಟ; ದುಡಿಯುವವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಒಡೆಯರಾಗಿದ್ದ ಸಾಹೇಬರ ಪೂರ್ವಜರು ಹಡಗು ಹತ್ತಿದರೆ ವಾಂತಿಯಾಗುತ್ತದೆಂದು ಒಮ್ಮೆಯೂ ಅತ್ತ ಹೋಗಲಿಲ್ಲ. ಸಕ್ಕರೆಯ ಹಣ ಮಾತ್ರ ತಪ್ಪದೆ ಮನೆ ಸೇರಿತು. ಗುಲಾಮಗಿರಿ ನಿಂತಾಗ ಸರ್ಕಾರ ಪರಿಹಾರ ಕೊಟ್ಟದ್ದೂ ಗುಲಾಮರಿಗಲ್ಲ, ಒಡೆಯರಿಗೆ. ಆ ಆಸ್ತಿ ತಲೆಮಾರು ದಾಟಿ ಸಾಹೇಬರಿಗೆ ಬಂದಿತ್ತು. ಅವರು ಜೀವಮಾನದಲ್ಲಿ ಒಂದು ದಿನವೂ ಸಂಬಳಕ್ಕೆ ದುಡಿದವರಲ್ಲ. ಹಕ್ಕಿ ನೋಡುತ್ತ ದೇಶ ತಿರುಗಿ, ಒಮಾನಿನ ಚಳಿಗಾಲ ಹಿಡಿಸಿ ಇಲ್ಲೇ ಉಳಿದುಬಿಟ್ಟಿದ್ದರು.

ಈ ಕತೆ ಕೇಳಿದ ದಿನ ಆಲ್ಬಿನಾಳಿಗೆ ಅಮ್ಮನ ಮಾತು ನೆನಪಾಗಿತ್ತು. ಅಮ್ಮ ಗೇಣಿ ಅಕ್ಕಿ ಅಳೆದುಕೊಟ್ಟ ದಣಿಗಳು ಮುಂಬಯಿಯಲ್ಲಿದ್ದರು, ಗದ್ದೆಗೆ ಕಾಲಿಟ್ಟವರಲ್ಲ. "ನಮ್ಮ ದಣಿಗಳಿಗೆ ಮುಖ ಇಲ್ಲ, ಹೊಟ್ಟೆ ಮಾತ್ರ" ಎಂದು ಅಮ್ಮ ನಗುತ್ತಿದ್ದಳು. ಸಾಹೇಬರ ಬಾಯಿಗೆ ಗಂಜಿ ಚಮಚ ಹಿಡಿಯುವಾಗ ಆ ನಗು ಎಲ್ಲಿಂದಲೋ ಕೇಳಿದಂತಾಗಿ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಆ ಚಳಿಗಾಲ ಸಾಹೇಬರ ಮನಸ್ಸು ಇನ್ನಷ್ಟು ಸಡಿಲವಾಯಿತು. ತೋಟದ ಜನ ಮೊಣಕಾಲುದ್ದ ನೀರಿನಲ್ಲಿ ನಿಂತು ಕಾಯುತ್ತಿದ್ದಾರೆ ಎನ್ನುತ್ತಿದ್ದರು. "ಮುಖ ಕಾಣುವುದಿಲ್ಲ, ಆಲ್ಬಿನಾ. ಹತ್ತಿರ ಹೋಗಬೇಕು."

ಪೇಟೆಯಲ್ಲಿ ಬಲೆ, ಹಗ್ಗದ ಅಂಗಡಿ ಇಟ್ಟಿದ್ದ ಉಳ್ಳಾಲದ ಝುಬೈರ್‌ಗೆ ಅವಳು ಇದನ್ನು ಹೇಳಿದಳು.

"ಒಮ್ಮೆ ದೋಣಿಯಲ್ಲಿ ಸುತ್ತಿಸುವ, ಬಾಯಮ್ಮ," ಎಂದ ಝುಬೈರ್. "ಮುದುಕರ ಆಸೆ ಮಾರಾಯ್ರೆ. ಎಂತ ಹೋಗ್ತದೆ ನಮ್ಮದು?"

ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮೂವರೂ ಹೊರಟರು. ದೋಣಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ದಡ ಮಸುಕಾಯಿತು. ಖರ್ಜೂರದ ಮರಗಳು ನೆಲ ಬಿಟ್ಟು ತೇಲಿದವು. ಅವುಗಳ ಮೇಲೆ ಬೆಟ್ಟಗಳ ಸಾಲು ಹೊಗೆಯಂತೆ ಹಬ್ಬಿತ್ತು. ತಿರುಗಿ ಬರುವಾಗ ದಡವೇ ಮೆಲ್ಲಗೆ ತಮ್ಮತ್ತ ನಡೆದುಬಂದಂತೆ ಆಲ್ಬಿನಾಳಿಗೆ ಅನಿಸಿತು.

"ಬಂದೆವು," ಎಂದರು ಸಾಹೇಬರು.

ದಡದಲ್ಲಿ ಜನ ಮೊಣಕಾಲುದ್ದ ನೀರಿನಲ್ಲಿ ಸಾಲಾಗಿ ನಿಂತು, ಉಳ್ಳಾಲದ ಕೈರಂಪಣಿ ಬಲೆಯವರ ಹಾಗೆಯೇ, ದೊಡ್ಡ ಬಲೆಯನ್ನು ಎಳೆಯುತ್ತಿದ್ದರು. ಸಾಹೇಬರು ಪ್ಯಾಂಟು ನೆನೆಯುವುದನ್ನೂ ಗಮನಿಸದೆ ನೀರಿಗಿಳಿದರು. ಕಪ್ಪು ಮೈಯ, ಬಿಳಿ ಗಡ್ಡದ ಮೀನುಗಾರ ಖಮೀಸ್‌ನ ಮುಂದೆ ನಿಂತು ಟೊಪ್ಪಿ ತೆಗೆದರು.

"ನಮ್ಮವರು ಯಾರೂ ಬರಲಿಲ್ಲ. ನಿಮ್ಮನ್ನು ನೋಡಲಿಲ್ಲ. ಕ್ಷಮಿಸಿ."

ಖಮೀಸ್ ಝುಬೈರ್‌ನ ಮುಖ ನೋಡಿದ. ಝುಬೈರ್ ಅರಬ್ಬಿಯಲ್ಲಿ, ತನಗೆ ತಿಳಿದಷ್ಟು ಕತೆ ಹೇಳಿದ. ಹಗ್ಗ ಹಿಡಿದವರ ಕೈಗಳು ನಿಂತವು. ಖಮೀಸ್ ಮೆಲ್ಲಗೆ ಏನೋ ಹೇಳಿದ.

"ಎಂತ ಹೇಳಿದ್ರು?" ಆಲ್ಬಿನಾ ಕೇಳಿದಳು.

"ಅವರ ಅಜ್ಜಿಯ ತಾಯಿಯನ್ನೂ ಆಚೆ ಆಫ್ರಿಕದಿಂದ ಹಾಗೆಯೇ ತಂದದ್ದಂತೆ. ಚಿಕ್ಕ ಹುಡುಗಿ. 'ಕ್ಷಮಿಸುವುದು ಅವಳ ಕೆಲಸ, ನನ್ನದಲ್ಲ. ಅವಳನ್ನು ನಾನು ಎಲ್ಲಿಂದ ತರಲಿ?' ಅಂತಾರೆ." ಝುಬೈರ್ ಬಲೆಯ ಹಗ್ಗ ತೋರಿಸಿದ. "ಹಗ್ಗ ಇದೆ, ಬೇಕಾದರೆ ಎಳೆಯಲಿ ಅಂತ."

ಆಲ್ಬಿನಾ ಅದನ್ನು ಒಂದಕ್ಷರ ಬಿಡದೆ ಸಾಹೇಬರಿಗೆ ಹೇಳಿದಳು. ಅವರು ತಲೆಯಾಡಿಸಿ, ಖಮೀಸ್‌ನ ಹಿಂದೆ ನಿಂತು ಹಗ್ಗ ಹಿಡಿದರು. "ಯಲ್ಲಾ!" ಎಂದು ಎಲ್ಲರಿಗೂ ಎಳೆಯಲು ಕೂಗಿದ ಖಮೀಸ್. ಸಾಹೇಬರ ಅಂಗೈ ಸುಲಿಯಿತು, ಹಗ್ಗ ಬಿಡಲಿಲ್ಲ. ಬಲೆ ಬಂದಾಗ, ಎಳೆದವರಿಗೆಲ್ಲ ಕೊಡುವ ಪಾಲಿನಂತೆ ಅವರಿಗೂ ಒಂದು ಹಿಡಿ ಬೂತಾಯಿ ಮೀನು ಸಿಕ್ಕಿತು. ಅದನ್ನು ಟೊಪ್ಪಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ಆಲ್ಬಿನಾ ಮೆಣಸು ಅರೆದು ಹುರಿದಳು. ಸಾಹೇಬರು ಚಮಚ ಬೇಡವೆಂದು, ಮುಳ್ಳು ಬಿಡಿಸುತ್ತ ತಮ್ಮ ಕೈಯಲ್ಲೇ ಉಂಡರು.

ಮರುದಿನ ಬೆಳಿಗ್ಗೆ ಅವರು ಇಂಗ್ಲೆಂಡಿನಲ್ಲಿದ್ದ ತಮ್ಮನ ಮಗನಿಗೆ ಫೋನ್ ಮಾಡಿ, ತಮ್ಮ ಆಸ್ತಿಯೆಲ್ಲವೂ ಆ ದ್ವೀಪದ ಶಾಲೆಗಳಿಗೆ ಹೋಗಬೇಕೆಂದರು. ಅವನು ಆಲ್ಬಿನಾಳನ್ನು ಫೋನಿಗೆ ಕರೆದು, "ಅವರ ಬುದ್ಧಿ ಸರಿಯಿದೆಯೇ?" ಎಂದು ಕೇಳಿದ.

ನಿಜ ಹೇಳಿದರೆ ಅವಳ ಕೆಲಸ ಹೋಗಬಹುದಿತ್ತು. "ಮಧ್ಯಾಹ್ನ ಇರುವುದಿಲ್ಲ ಸರ್," ಎಂದಳು. "ಬೆಳಿಗ್ಗೆ ಇರ್ತದೆ. ಇದು ಅವರು ಬೆಳಿಗ್ಗೆ ಹೇಳಿದ್ದು."

ವಕೀಲರೂ ವೈದ್ಯರೂ ಬೆಳಗಿನ ಹೊತ್ತೇ ಬಂದು ಪರೀಕ್ಷಿಸಿ, ಸಹಿ ಹಾಕಿಸಿಕೊಂಡು ಹೋದರು. ತಮ್ಮನ ಮಗ ಮತ್ತೆ ಫೋನ್ ಮಾಡಲಿಲ್ಲ. ಆಲ್ಬಿನಾಳ ಕೆಲಸ ಉಳಿಯಿತು.

ಬೇಸಿಗೆ ಏರುವವರೆಗೂ ಸಾಹೇಬರು ದಡಕ್ಕೆ ಹೋಗುತ್ತಿದ್ದರು. ಬಲೆಯವರ ಹೆಸರು ಒಬ್ಬೊಬ್ಬರದೂ ಕೇಳುವರು. ಮನೆ ಮುಟ್ಟುವಷ್ಟರಲ್ಲಿ ಮರೆಯುವರು. ಮಾರನೆಯ ದಿನ ಮತ್ತೆ ಕೇಳುವರು. ಉಳಿದವರು ನಗುತ್ತಿದ್ದರು. ಖಮೀಸ್ ನಗುತ್ತಿರಲಿಲ್ಲ. ಹಗ್ಗವನ್ನು ಭುಜಕ್ಕೆ ಒರಗಿಸಿಕೊಂಡು, ಹೊಸಬರಿಗೆ ಹೇಳುವ ಹಾಗೆ, ಪ್ರತಿದಿನವೂ ತನ್ನ ಹೆಸರು ಹೇಳುತ್ತಿದ್ದ.